ಮನೆಯ ಚಾಕುವೂ ತೊಗಲಿನ ಪಟ್ಟಿಯೂ

ಹರಿತವಾದ ಚಾಕು ಅಪಾಯಕರವೆಂದೂ ಮೊಂಡು ಚಾಕುವಿನಿಂದ ಭಯವಿಲ್ಲವೆಂದೂ ನಮ್ಮಲ್ಲಿ ಅನೇಕರು ಎಣಿಸುವುದುಂಟು. ವಾಸ್ತವದಲ್ಲಿ ಸಂಗತಿಯು ಇದಕ್ಕೆ ವಿರುದ್ಧವಾಗಿರುತ್ತದೆ. ಮೊಂಡಾದ ಅಲಗು ಟೊಮೆಟೊ ಹಣ್ಣಿನ ಸಿಪ್ಪೆಯೊಳಕ್ಕೆ ಇಳಿಯದೆ ಜಾರುತ್ತದೆ. ಆಗ ಕೈಯು ಮತ್ತಷ್ಟು ಬಲವಾಗಿ ಒತ್ತುತ್ತದೆ. ಆ ಬಲವೆಲ್ಲ ಬೆರಳಿನ ಮೇಲೆ ಬೀಳುತ್ತದೆ.

ಚಾಕುವನ್ನು ಸಾಣೆಕಲ್ಲಿನ ಮೇಲೆ ತೇಯ್ದಾಗ ಅದರ ಬಾಯಿಯಲ್ಲಿ, ತೇಯ್ದ ಮಗ್ಗುಲಿಗೆ ಎದುರಾಗಿ, ಕೂದಲೆಳೆಗಿಂತಲೂ ಸೂಕ್ಷ್ಮವಾದ ಉಕ್ಕಿನ ಗರಿಯೊಂದು ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿದರೆ ಅದು ತಡೆದಂತೆ ತಿಳಿಯುವುದು. ಬಾಯಿಯ ಉದ್ದಕ್ಕೆ ಮಾತ್ರ ಎಂದಿಗೂ ಸವರಕೂಡದು. ಹಿಡಿಯಿಂದ ತುದಿಯ ವರೆಗೆ ಗರಿ ಎದ್ದ ಹೊರತು ಮಗ್ಗುಲು ಬದಲಿಸಬಾರದು. ಆದರೆ ಈ ಗರಿಯನ್ನು ಹಾಗೆಯೇ ಬಿಟ್ಟರೆ ಅದು ಮಡಿಸಿಕೊಂಡು, ಇಂದು ಮಸೆದ ಚಾಕು ನಾಳೆಯೇ ಮೊಂಡಾಗುತ್ತದೆ. ಕ್ಷೌರಿಕರು ತಮ್ಮ ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಎಳೆಯುವುದು ಇದರ ಪರಿಹಾರಕ್ಕಾಗಿಯೇ.

ಇಂಥ ಪಟ್ಟಿಯನ್ನು ಮನೆಯಲ್ಲಿ ಸುಲಭವಾಗಿ ಮಾಡಿಕೊಳ್ಳಬಹುದು. ಸುಮಾರು ೨೫ ಸೆಂಟಿಮೀಟರ್ ಉದ್ದ, ೫ ಸೆಂಟಿಮೀಟರ್ ಅಗಲದ ಸಮತಟ್ಟಾದ ಹಲಗೆಯೊಂದು ಬೇಕು. ಮನೆಯವರು ಉಟ್ಟುಬಿಟ್ಟ ಹಳೆಯ ಸೊಂಟದ ಪಟ್ಟಿಯೊಂದು ಬೇಕು. ಈಗ ಅಂಗಡಿಗಳಲ್ಲಿ ದೊರೆಯುವ ಪಟ್ಟಿಗಳಲ್ಲಿ ರೆಕ್ಸಿನ್ನಿನವೇ ಬಹಳ. ಕೊಯ್ದ ಅಂಚಿನಲ್ಲಿ ನಾರುನಾರಾಗಿ ಕಂಡರೆ ನಿಜವಾದ ತೊಗಲು, ಬಟ್ಟೆಯ ಪದರ ಕಂಡರೆ ಅಲ್ಲ. ಹಲಗೆಗೆ ಮರಗೆಲಸದ ಅಂಟು ಬಳಿದು, ತೊಗಲಿನ ಒರಟು ಮೈ ಮೇಲಾಗುವಂತೆ ಅಂಟಿಸಿ, ದಪ್ಪ ಪುಸ್ತಕಗಳ ಭಾರದಲ್ಲಿ ಒಂದು ರಾತ್ರಿ ಇಡುವುದು. ಬಳಿಕ ಲೋಹಕ್ಕೆ ಹೊಳಪು ಕೊಡುವ ಹಸುರು ಉಂಡೆಯನ್ನು, ಎಂದರೆ ಕ್ರೋಮಿಯಂ ಆಕ್ಸೈಡ್ ಬೆರೆಸಿದ ಮೇಣವನ್ನು, ತೆಳುವಾಗಿ ತಿಕ್ಕುವುದು. ಬಹಳ ಬಳಿದರೆ ಪ್ರಯೋಜನವಿಲ್ಲ. ತೊಗಲು ದೊರೆಯದಿದ್ದಲ್ಲಿ ಹಲಗೆಗೆ ಬಿಗಿಯಾಗಿ ಸುತ್ತಿದ ಹಳೆಯ ವೃತ್ತಪತ್ರಿಕೆಯೂ ಸಾಕು.

ಕಲ್ಲಿನ ಮೇಲೆ ಬಾಯಿಯನ್ನು ಮುಂದುಮಾಡಿ ತಳ್ಳಬಹುದು. ತೊಗಲಿನ ಮೇಲೆ ಹಾಗಲ್ಲ. ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಎಳೆಯತಕ್ಕದ್ದು. ಇಲ್ಲವಾದರೆ ತೊಗಲೇ ಕೊಯ್ದುಹೋಗುವುದು. ಎಳೆತದ ಕೊನೆಯಲ್ಲಿ ಬೆನ್ನನ್ನು ಮೇಲಕ್ಕೆತ್ತುವ ಚಾಳಿ ಹೊಸಬರೆಲ್ಲರಿಗೂ ಇರುತ್ತದೆ. ಅದರಿಂದ ಬಾಯಿ ದುಂಡಗಾಗುತ್ತದೆ. ಒಂದೊಂದು ಮಗ್ಗುಲಿಗೆ ಹತ್ತು ಸಾರಿ, ಹಗುರವಾಗಿ ಎಳೆದು, ಅಲಗನ್ನು ತೊಳೆದು ಒರೆಸುವುದು. ಪೂರ್ಣವಾಗಿ ಮೊಂಡಾದ ಚಾಕುವಿಗೆ ಪಟ್ಟಿಯು ಏನೂ ಮಾಡಲಾರದು. ಅದಕ್ಕೆ ಕಲ್ಲೇ ಬೇಕು.

ಕಲ್ಲಿನ ಮೇಲೆ ಎಷ್ಟು ವಾಲಿಸಬೇಕೆಂಬುದಕ್ಕೆ ಅಳತೆಯ ಯಂತ್ರ ಬೇಡ. ಕಾಗದದ ಮೂಲೆಯನ್ನು ಎರಡು ಸಾರಿ ಅರ್ಧಕ್ಕೆ ಮಡಿಸಿದರೆ ೯೦ ಡಿಗ್ರಿಯು ೨೨½ ಆಗುವುದು. ಅಡಿಗೆಯ ಚಾಕುವಿಗೆ ಅದಕ್ಕಿಂತ ತುಸು ಕಡಿಮೆ ಇದ್ದರೆ ಸರಿ. ಕಲ್ಲಿಲ್ಲದ ಹೊತ್ತಿನಲ್ಲಿ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದ ನಯವಿಲ್ಲದ ಬಳೆಯ ಮೇಲೆ ತೇಯಬಹುದು. ವಿದ್ಯುತ್ತಿನ ಸಾಣೆಚಕ್ರದಲ್ಲಿ ಕಿಡಿ ಹಾರಿ ಬಾಯಿ ನೀಲಿಯಾದರೆ ಉಕ್ಕು ಸುಮಾರು ೩೦೦ ಡಿಗ್ರಿ ಸೆಲ್ಸಿಯಸ್ ಕಾದು ಹದಗೆಟ್ಟಿತೆಂದು ತಿಳಿಯಬೇಕು.

ಕತ್ತರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದರ ಅಲಗುಗಳು ಒಂದಕ್ಕೊಂದು ತಾಗುವ ಒಳಮೈಯನ್ನು ಓರೆಯಾಗಿ ತೇಯಕೂಡದು. ಹೊರಗಿನ ಇಳಿಜಾರನ್ನು ಮಾತ್ರ ತೇಯತಕ್ಕದ್ದು. ಇದನ್ನರಿಯದೆ ನಾನು ಹುಡುಗಿಯಾಗಿದ್ದಾಗ ನಮ್ಮ ತಾಯಿಯವರ ಹೊಲಿಗೆಯ ಕತ್ತರಿಯನ್ನು, ಅವರನ್ನು ಸಂತೋಷಪಡಿಸಬೇಕೆಂದು, ಒಳಗೂ ಹೊರಗೂ ತೇಯ್ದೆನು. ಬಳಿಕ ಬಟ್ಟೆಯು ಕತ್ತರಿಸದೆ ಎರಡು ಅಲಗುಗಳ ನಡುವೆ ಮಡಿಸಿಕೊಳ್ಳತೊಡಗಿತು. ಅವರು ನನ್ನನ್ನು ಗದರಿಸಲಿಲ್ಲ. ಪಕ್ಕದ ಮನೆಯ ಕತ್ತರಿಯನ್ನು ಎರವಲು ತಂದು ಆ ದಿನದ ರವಿಕೆಗಳನ್ನು ಮುಗಿಸಿದರು. ಆ ಕತ್ತರಿ ಇಂದಿಗೂ ನನ್ನ ಹೊಲಿಗೆಯ ಪೆಟ್ಟಿಗೆಯಲ್ಲಿದೆ.