ಹಾಕಿದ ಗೊಬ್ಬರ ಎಲ್ಲಿ ಹೋಗುತ್ತದೆ? – ಮಣ್ಣಿನ ಇಂಗಾಲದ ಜಮಾ-ಖರ್ಚು

ಪ್ರತಿ ವರ್ಷ ಗಾಡಿಗಟ್ಟಲೆ ಗೊಬ್ಬರ ಹೊಡೆದರೂ ಮಣ್ಣು ಪರೀಕ್ಷೆಯ ವರದಿಯಲ್ಲಿ ಸಾವಯವ ಇಂಗಾಲ ‘ಕಡಿಮೆ’ ಎಂದೇ ಬರುತ್ತದೆ ಎಂಬುದು ಕೆಂಪು ಮಣ್ಣಿನಲ್ಲಿ ಖುಷ್ಕಿ ಬೇಸಾಯ ಮಾಡುವ ರೈತರಿಂದ ಆಗಾಗ ಕೇಳಿಬರುವ ಮಾತು. ಯಾವ ಗೊಬ್ಬರ ಹೇಗೆ ಕೊಳೆಯುತ್ತದೆ, ಎಷ್ಟು ಉಳಿಯುತ್ತದೆ ಎಂಬುದನ್ನು ಅರಿತರೆ ಇರುವಷ್ಟೇ ಗೊಬ್ಬರದಿಂದ ಹೆಚ್ಚು ಲಾಭ ಪಡೆಯಬಹುದು.

ಕೊಳೆಯುವ ಕ್ರಿಯೆ

ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಸಾವಯವ ಗೊಬ್ಬರವೇ ಆಹಾರ. ಅವು ಗೊಬ್ಬರದ ಇಂಗಾಲವನ್ನು ಬಳಸಿ ಅದರ ಬಹುಪಾಲನ್ನು ಇಂಗಾಲಾಮ್ಲ ವಾಯುವಾಗಿ ಹೊರಬಿಡುತ್ತವೆ. ಉಳಿದ ಸ್ವಲ್ಪ ಭಾಗ ಕಪ್ಪಾದ ಹ್ಯೂಮಸ್ ಆಗಿ ಜೇಡಿಕಣಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ಮಣ್ಣು ತೇವ ಹಿಡಿಯುವುದು, ಪೋಷಕಾಂಶಗಳು ಬಸಿದು ಹೋಗದಿರುವುದು ಬಹುಮಟ್ಟಿಗೆ ಇದರಿಂದಲೇ. ಉಷ್ಣತೆ 10 ಡಿಗ್ರಿ ಏರಿದರೆ ಸೂಕ್ಷ್ಮಜೀವಿಗಳ ಚಟುವಟಿಕೆ ಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ನಮ್ಮ ಬಿಸಿಲಿನ ಸೀಮೆಯಲ್ಲಿ ಇಂಗಾಲ ಬೇಗ ಖರ್ಚಾಗುತ್ತದೆ. ಪದೇ ಪದೇ ಉಳುಮೆ ಮಾಡಿದರೆ ಗಾಳಿಯಾಡಿ ಈ ಖರ್ಚು ಇನ್ನೂ ಹೆಚ್ಚುತ್ತದೆ.

ಒಂದು ಎಕರೆಯ ಲೆಕ್ಕ

ಒಂದು ಎಕರೆಯಲ್ಲಿ 15 ಸೆಂ.ಮೀ. ಆಳದವರೆಗಿನ ಮಣ್ಣು ಸುಮಾರು 900 ಟನ್ ತೂಗುತ್ತದೆ. ಸಾವಯವ ಇಂಗಾಲ ಶೇ. 0.4 ಇದ್ದರೆ ಅದು 3,600 ಕಿಲೋ. ಇದರಲ್ಲಿ ವರ್ಷಕ್ಕೆ ಶೇ. 3 ಕೊಳೆಯುವುದೆಂದು ಹಿಡಿದರೂ 108 ಕಿಲೋ ಖರ್ಚು. ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರ ಹಾಕಿದರೆ, ಅರ್ಧದಷ್ಟು ನೀರನ್ನು ಕಳೆದು, ಸೇರುವ ಇಂಗಾಲ ಸುಮಾರು 500 ಕಿಲೋ. ಅದರಲ್ಲಿ ಮೂರನೇ ಒಂದು ಭಾಗ ಉಳಿಯಿತೆಂದರೂ 165 ಕಿಲೋ ಜಮಾ. ಒಟ್ಟು ಉಳಿತಾಯ 60 ಕಿಲೋ ಮಾತ್ರ. ಹೀಗಾಗಿ ಒಂದು ವರ್ಷ ಗೊಬ್ಬರ ಹಾಕಿ ಎರಡು ವರ್ಷ ಬಿಟ್ಟರೆ ಗಳಿಸಿದ್ದೆಲ್ಲ ಕಳೆದುಹೋಗುತ್ತದೆ.

ಗೊಬ್ಬರದಿಂದ ಗೊಬ್ಬರಕ್ಕೆ ವ್ಯತ್ಯಾಸ

ಕೊಳೆಯುವ ವೇಗ ಮುಖ್ಯವಾಗಿ ಇಂಗಾಲ–ಸಾರಜನಕಗಳ ಪ್ರಮಾಣವನ್ನು ಅವಲಂಬಿಸಿದೆ.

1. ಎಳೆಯ ಸೆಣಬು, ಗ್ಲಿರಿಸೀಡಿಯ ಸೊಪ್ಪು: ಇವುಗಳಲ್ಲಿ ಒಂದು ಭಾಗ ಸಾರಜನಕಕ್ಕೆ ಸುಮಾರು 20 ಭಾಗ ಇಂಗಾಲ. ಬೇಗ ಕೊಳೆತು ಬೆಳೆಗೆ ಸಾರಜನಕ ಒದಗಿಸುತ್ತವೆ. ಆದರೆ ಹ್ಯೂಮಸ್ ಉಳಿಯುವುದು ಕಡಿಮೆ.

2. ಭತ್ತದ ಹುಲ್ಲು, ಜೋಳದ ದಂಟು: ಇಂಗಾಲ 50 ಭಾಗಕ್ಕೂ ಹೆಚ್ಚು. ಇವನ್ನು ಹಸಿಯಾಗಿ ಸೇರಿಸಿದರೆ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಕಬಳಿಸಿ ಪೈರು ಹಳದಿಯಾಗುತ್ತದೆ. ಹುಲ್ಲು-ಕಸ ಹೆಚ್ಚಾಗಿರುವ ಅರೆಬೆಂದ ತಿಪ್ಪೆಗೊಬ್ಬರದಿಂದಲೂ ಇದೇ ತೊಂದರೆ.

3. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್: ಸುಲಭವಾಗಿ ಕೊಳೆಯುವ ಭಾಗ ತಿಪ್ಪೆಯಲ್ಲೇ ಮುಗಿದಿರುವುದರಿಂದ ಇವು ನಿಧಾನವಾಗಿ ಕರಗಿ ಮಣ್ಣಿನಲ್ಲಿ ಹೆಚ್ಚು ಕಾಲ ನಿಲ್ಲುತ್ತವೆ.

ಹಸಿ ಸೊಪ್ಪು ಸೇರಿಸಿದಾಗ ಸೂಕ್ಷ್ಮಜೀವಿಗಳು ಹಠಾತ್ತನೆ ವೃದ್ಧಿಸಿ ಮಣ್ಣಿನ ಹಳೆಯ ಹ್ಯೂಮಸನ್ನೂ ಸ್ವಲ್ಪ ಕರಗಿಸುತ್ತವೆ. ಇದನ್ನು ವಿಜ್ಞಾನಿ ಲೋನಿಸ್ 1926ರಲ್ಲೇ ಗಮನಿಸಿದ್ದರು. ಹಾಗೆಂದು ಹಸಿರೆಲೆ ಗೊಬ್ಬರವನ್ನು ಬಿಡಬೇಕಿಲ್ಲ. ಅದರ ಜೊತೆಗೆ ಕಳಿತ ಗೊಬ್ಬರವನ್ನೂ ಕೊಡಬೇಕು.

ಪ್ರಯೋಗದ ಪಾಠ

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಖುಷ್ಕಿ ರಾಗಿಯ ದೀರ್ಘಾವಧಿ ಪ್ರಯೋಗ 1978ರಲ್ಲಿ ಆರಂಭವಾಯಿತು. ಏನನ್ನೂ ಹಾಕದ ತಾಕುಗಳಲ್ಲಿ ಇಂಗಾಲ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸಿನ ರಸಗೊಬ್ಬರ ಪಡೆದ ತಾಕುಗಳಲ್ಲಿ ಇಂಗಾಲವೂ ಇಳುವರಿಯೂ ಎಲ್ಲಕ್ಕಿಂತ ಮೇಲಿದ್ದವು. ರಸಗೊಬ್ಬರದಿಂದ ಪೈರು ಹುಲುಸಾಗಿ ಬೆಳೆದರೆ ಬೇರು, ಕೂಳೆಗಳ ಮೂಲಕ ಮಣ್ಣಿಗೆ ಮರಳುವ ಇಂಗಾಲವೂ ಹೆಚ್ಚುತ್ತದೆ. ಎರಡೂ ಒಂದಕ್ಕೊಂದು ಪೂರಕ.

ರೈತರು ಅನುಸರಿಸಬೇಕಾದ ಕ್ರಮಗಳು

* ತಿಪ್ಪೆಗೆ ನೆರಳು ಮಾಡಿ, ಆಗಾಗ ನೀರು ಚಿಮುಕಿಸಿ, ಮೇಲೆ ಮಣ್ಣು ಮುಚ್ಚಬೇಕು.
* ಹೊಲಕ್ಕೆ ಹೊಡೆದ ಗೊಬ್ಬರವನ್ನು ಗುಡ್ಡೆಗಳಾಗಿ ಬಿಸಿಲಿಗೆ ಬಿಡದೆ ಬೇಗ ಹರಡಿ ಮಣ್ಣಿಗೆ ಬೆರೆಸಬೇಕು. ಬಿತ್ತನೆಗೆ 2–3 ವಾರ ಮೊದಲು ಬೆರೆಸುವುದು ಉತ್ತಮ.
* ಸೆಣಬನ್ನು ಹೂ ಬಿಡುವ ಹಂತದಲ್ಲೇ ಮಣ್ಣಿಗೆ ಸೇರಿಸಬೇಕು. ಬಲಿತರೆ ನಾರು ಹೆಚ್ಚಿ ಕೊಳೆಯುವುದು ತಡವಾಗುತ್ತದೆ.
* ದಂಟು, ಕೂಳೆಗಳನ್ನು ಸುಡಬಾರದು. ಸಗಣಿ ಬಗ್ಗಡ ಬೆರೆಸಿ ಕಾಂಪೋಸ್ಟ್ ಮಾಡಬೇಕು.
* ಅಗತ್ಯಕ್ಕಿಂತ ಹೆಚ್ಚು ಉಳುಮೆ ಬೇಡ.
* ಗೊಬ್ಬರ ಸಾಲದಿದ್ದರೆ ಪ್ರತಿ ವರ್ಷವೂ ಎಲ್ಲ ಹೊಲಕ್ಕೆ ಸ್ವಲ್ಪ ಸ್ವಲ್ಪ ಹಾಕಬೇಕು.

ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ವರದಿಗಳನ್ನು ಹೋಲಿಸಿ ನೋಡಬೇಕು. ಶೇ. 0.5ಕ್ಕಿಂತ ಕೆಳಗಿನದು ಕಡಿಮೆ, 0.5ರಿಂದ 0.75 ಮಧ್ಯಮ, ಅದಕ್ಕೆ ಮೇಲ್ಪಟ್ಟಿದ್ದು ಹೆಚ್ಚು. ಅಂಕಿ ಏರದೆ ಇದ್ದಲ್ಲೇ ನಿಂತಿದ್ದರೂ ಗೊಬ್ಬರ ವ್ಯರ್ಥವಾಯಿತೆಂದು ಕೈಬಿಡಬಾರದು. ವರ್ಷವರ್ಷದ ಖರ್ಚನ್ನು ತುಂಬುತ್ತಿರುವುದೇ ಆ ಗೊಬ್ಬರ. ಅದು ನಿಂತ ದಿನದಿಂದ ಮಣ್ಣಿನ ಮೂಲಧನ ಕರಗತೊಡಗುತ್ತದೆ.