ಹಸುವಿನ ಮೇವು, ಹಾಲಿನ ಫ್ಯಾಟು, ಕಾಲಿನ ಗೊರಸು



ಸಂಘದಲ್ಲಿ ಸಾಲ ತೆಗೆದು ಮಿಶ್ರತಳಿ ಹಸು ಕಟ್ಟಿದವರು ಹೇಳುವ ಮಾತೊಂದಿದೆ: "ಹಿಂಡಿ ಜಾಸ್ತಿ ಹಾಕಿದೆ, ಹಾಲೂ ಜಾಸ್ತಿ ಆಯ್ತು, ಆದ್ರೆ ಡೇರಿಯಲ್ಲಿ ಫ್ಯಾಟು ಬರ್ತಿಲ್ಲ." ಫ್ಯಾಟು ಇಳಿದರೆ ರೇಟೂ ಇಳಿಯುತ್ತದೆ, ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ಎರಡು ತಿಂಗಳು ಕಳೆದ ಮೇಲೆ ಅದೇ ಹಸು ಕುಂಟುತ್ತದೆ. ಇವು ಬೇರೆ ಬೇರೆ ತೊಂದರೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಎರಡರ ಬೇರೂ ಗೋದಲಿಯಲ್ಲೇ ಇರುತ್ತದೆ.

ಹಸುವಿನ ಮೆಲುಕು ಚೀಲದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ. ನಾರಿರುವ ಹುಲ್ಲು ಸಿಕ್ಕಿದರೆ ಅವು ಅದರಿಂದ ಅಸಿಟಿಕ್ ಆಮ್ಲ ತಯಾರಿಸುತ್ತವೆ. ಕೆಚ್ಚಲಿನಲ್ಲಿ ಹಾಲಿನ ಕೊಬ್ಬು ಆಗಲು ಇದು ಬಹಳ ಮುಖ್ಯ. ಹುಲ್ಲು ತಿಂದ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಆಗ ಬಿಂದಿಗೆಗಟ್ಟಲೆ ಜೊಲ್ಲು ಹೊಟ್ಟೆಗಿಳಿದು, ಅಡುಗೆ ಸೋಡಾದ ಹಾಗೆ ಅಲ್ಲಿನ ಹುಳಿಯನ್ನು ಮುರಿಯುತ್ತದೆ.

ಹುಲ್ಲು ಕಡಿಮೆಯಾಗಿ ಜೋಳದ ಹಿಟ್ಟು, ನುಚ್ಚು, ಪಶು ಆಹಾರ ಒಮ್ಮೆಲೇ ಹೆಚ್ಚಾದರೆ ಹೊಟ್ಟೆ ಹುಳಿಯಾಗುತ್ತದೆ. ಫ್ಯಾಟು ಇಳಿಯುತ್ತದೆ, ಸಗಣಿ ನೀರಾಗುತ್ತದೆ. ಹುಳಿ ಮಿತಿಮೀರಿದಾಗ ಅಲ್ಲಿನ ವಿಷ ರಕ್ತಕ್ಕೆ ಸೇರಿ, ಗೊರಸಿನೊಳಗಿನ ಮೃದು ಭಾಗ ಬಾತುಕೊಳ್ಳುತ್ತದೆ. ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಮಾತ್ರ. ಆದ್ದರಿಂದ ಒಳಗಿನ ಪೆಟ್ಟು ಅಂಗಾಲಿನಲ್ಲಿ ಕಾಣಿಸಲು 6-8 ವಾರ ಹಿಡಿಯುತ್ತದೆ. ಅಷ್ಟರಲ್ಲಿ ಏನು ತಿನ್ನಿಸಿದ್ದೆವು ಎಂಬುದೇ ಮರೆತಿರುತ್ತದೆ! ಮದುವೆ ಮನೆಯಲ್ಲಿ ಉಳಿದ ಅನ್ನ, ರಾಶಿ ಹಲಸಿನ ಹಣ್ಣು ಹಾಳಾಗಬಾರದೆಂದು ಹಸುವಿಗೆ ಸುರಿಯುತ್ತೇವಲ್ಲ, ಅದು ಜೀವಕ್ಕೇ ಅಪಾಯ.

ಬೆಳಿಗ್ಗೆ ಮೊದಲು ಹುಲ್ಲು ಕೊಡಿ, ಆಮೇಲೆ ಹಿಂಡಿ. ಮೈ ಕಾಪಾಡಲು ಒಂದೂವರೆ ಕಿಲೋ, ಅದರ ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರ ಎಂಬುದು ಸಾಮಾನ್ಯ ಲೆಕ್ಕ. ಅದನ್ನೂ ಎರಡು ಮೂರು ಹೊತ್ತಿಗೆ ಹಂಚಿ. ಹೊಸ ಆಹಾರವನ್ನು ಹತ್ತು ಹದಿನೈದು ದಿನದಲ್ಲಿ ನಿಧಾನವಾಗಿ ಹೆಚ್ಚಿಸಿ. ಹುಲ್ಲು ಕತ್ತರಿಸುವುದು ಒಳ್ಳೆಯದೇ, ಆದರೆ ಪುಡಿ ಮಾಡಿದರೆ ಮೆಲುಕು ಕಡಿಮೆಯಾಗುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಬೇಕು, ಅದರಲ್ಲಿರುವ ಸತು ಗೊರಸನ್ನು ಗಟ್ಟಿ ಮಾಡುತ್ತದೆ.

ಎಲ್ಲ ಕುಂಟೂ ಮೇವಿನಿಂದಲೇ ಬರುವುದಿಲ್ಲ. ಕಲ್ಲು ಚುಚ್ಚಿರಬಹುದು, ಒದ್ದೆ ಕೊಟ್ಟಿಗೆಯಿಂದ ಗೊರಸಿನ ಸಂದು ಕೊಳೆತಿರಬಹುದು. ಕಾಲು ಎತ್ತಿ ನೋಡಿ, ಪಶು ವೈದ್ಯರಿಗೂ ತೋರಿಸಿ.

ಇವತ್ತು ಸಂಜೆ ಹಸು ಮಲಗಿದಾಗ ಪಕ್ಕದಲ್ಲಿ ಕೂತು ಎಣಿಸಿ. ಮೆಲುಕಿನ ಒಂದು ಉಂಡೆಯನ್ನು 50-60 ಸಲ ಅಗಿದರೆ ಸರಿ. ಮೂವತ್ತು ನಲವತ್ತಕ್ಕೇ ನುಂಗುತ್ತಿದ್ದರೆ ನಾಳೆಯಿಂದ ಹುಲ್ಲು ಹೆಚ್ಚಿಸಿ.