ಮನೆ ಕಾಯುವ ನಾಯಿ: ತಳಿಯ ಆಯ್ಕೆ ಹೇಗೆ?



ಕಾಫಿ, ಅಡಿಕೆ ಬೆಳೆಯುವ ನಮ್ಮಲ್ಲಿ ಹೆಚ್ಚಿನವರದು ತೋಟದ ನಡುವಿನ ಒಂಟಿ ಮನೆ. ಕೂಗಿದರೆ ಪಕ್ಕದ ಮನೆಗೆ ಕೇಳಿಸದು. ಕೊಯ್ಲಿನ ಕಾಲದಲ್ಲಿ ವರ್ಷದ ದುಡಿಮೆಯೆಲ್ಲ ಅಂಗಳದಲ್ಲಿ ಹರಡಿರುತ್ತದೆ. ಹೀಗಾಗಿ ನಮಗೆ ನಾಯಿ ಶೋಕಿಯ ವಸ್ತುವಲ್ಲ, ಅವಶ್ಯಕತೆ. ಆದರೆ ಅದೇ ನಾಯಿ ಮನೆಯ ಮಕ್ಕಳು, ಮುದುಕರು, ದಿನವೂ ಬಂದುಹೋಗುವ ಕೆಲಸದವರು ಇವರೆಲ್ಲರ ನಡುವೆ ಬಾಳಬೇಕು. ಕಾವಲು, ಒಡನಾಟ ಎರಡೂ ಒಂದೇ ಪ್ರಾಣಿಯಿಂದ ಆಗಬೇಕಾದರೆ ಆಯ್ಕೆಯನ್ನು ವಿಚಾರ ಮಾಡಿ ಮಾಡಬೇಕು. ಹೆಸರಾಂತ ತಳಿಯೆಂದು ಹಣ ಕೊಟ್ಟು ತಂದು, ವರ್ಷದೊಳಗೆ ಸರಪಳಿಗೆ ಬಿಗಿದುಬಿಡುವ ಸಂದರ್ಭಗಳು ಕಡಿಮೆಯಿಲ್ಲ.

ಕೌಜಲಗಿ ಸೀಮೆಯಿಂದ ಕಲಿಯಬಹುದಾದುದು

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಭಾಗದ ಕೌಜಲಗಿ ಸೀಮೆಯು ನಮ್ಮ ಮಲೆನಾಡಿಗಿಂತ ತೀರ ಬೇರೆ. ಅಲ್ಲಿ ಕಪ್ಪು ನೆಲ, ಬಿಸಿಲು, ಜೋಳ, ಕಬ್ಬು. ಆದರೂ ಒಂದು ವಿಷಯದಲ್ಲಿ ನಮಗೂ ಅವರಿಗೂ ಹೋಲಿಕೆಯುಂಟು. ಅಲ್ಲಿಯ ಅನೇಕ ರೈತರು ಊರು ಬಿಟ್ಟು ಹೊಲದಲ್ಲಿಯೇ ತೋಟದ ಮನೆ ಕಟ್ಟಿಕೊಂಡಿದ್ದಾರೆ. ಕುರಿಗಾರರು ಹಿಂಡಿನೊಡನೆ ಬಯಲಿನಲ್ಲಿ ರಾತ್ರಿ ಕಳೆಯುತ್ತಾರೆ. ಇವರಿಗೆಲ್ಲ ನಾಯಿ ಬೇಕೇ ಬೇಕು.

ಪಕ್ಕದಲ್ಲೇ ಬಾಗಲಕೋಟೆ ಜಿಲ್ಲೆಯ ಮುಧೋಳ. ಹೆಸರಾದ ಮುಧೋಳ ನಾಯಿಯ ನೆಲೆ ಅದು. ಆ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ ಬೆಳೆಸಿದರು. 2005ರ ಜನವರಿಯಲ್ಲಿ ಅಂಚೆ ಇಲಾಖೆಯು ಭಾರತದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ಹೊರಡಿಸಿದಾಗ ಮುಧೋಳವೂ ಅವುಗಳಲ್ಲಿ ಒಂದಾಗಿತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಈ ತಳಿಗಾಗಿ ಕೇಂದ್ರವನ್ನು ತೆರೆದಿದೆ. 2016ರಲ್ಲಿ ಇದರ ಮರಿಗಳು ಸೇನೆಯ ತರಬೇತಿಗೆಂದು ಮೀರತ್ತಿಗೆ ಹೋದವು.

ಇಷ್ಟು ಕೀರ್ತಿ ಕೇಳಿದವರಿಗೆ ತಮ್ಮ ಮನೆಗೂ ಒಂದು ಮುಧೋಳ ಮರಿ ತರಬೇಕೆನಿಸುವುದು ಸಹಜ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ತಳಿಯನ್ನು ಯಾವ ಕೆಲಸಕ್ಕಾಗಿ ಬೆಳೆಸಿದರು?

ಓಟದ ನಾಯಿ ಬೇರೆ, ಕಾವಲಿನ ನಾಯಿ ಬೇರೆ

ಮುಧೋಳ ನಾಯಿಯು ಕಣ್ಣಿನಿಂದ ಬೇಟೆ ಗುರುತಿಸಿ, ಓಡಿ ಹಿಡಿಯುವ ಜಾತಿಗೆ ಸೇರಿದ್ದು. ಗಂಡು ನಾಯಿಯ ಎತ್ತರ ಸುಮಾರು 70 ಸೆಂ.ಮೀ. ಇದ್ದರೂ ಮೈ ತೆಳು. ಉದ್ದ ಮುಖ, ಆಳವಾದ ಎದೆ, ಒಳಸೇದಿದ ಹೊಟ್ಟೆ, ಗಿಡ್ಡ ಕೂದಲು. ಬಯಲು ನೆಲದಲ್ಲಿ ಮೊಲದ ಬೆನ್ನು ಹತ್ತಲು ತಕ್ಕ ದೇಹ ಇದು.

ಇದರ ಗುಣಗಳೂ ಅದಕ್ಕೆ ತಕ್ಕಂತಿವೆ. ಮನೆಯವರಲ್ಲಿ ನಿಷ್ಠೆ ಹೆಚ್ಚು. ಪರಕೀಯರಿಂದ ದೂರ ನಿಲ್ಲುತ್ತದೆ, ಅವರು ಮೈ ಮುಟ್ಟುವುದನ್ನು ಇಷ್ಟಪಡುವುದಿಲ್ಲ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಹುಟ್ಟುಗುಣ. ಕೋಳಿ, ಬೆಕ್ಕು ಸಾಕಿರುವ ಮನೆಯಲ್ಲಿ ಇದನ್ನು ಮರೆಯಬಾರದು. ದಿನವೂ ಮನಸಾರೆ ಓಡಲು ಬಯಲು ಬೇಕು. ಕಟ್ಟಿಹಾಕಿದರೆ ಕೊರಗುತ್ತದೆ ಅಥವಾ ಸಿಡುಕಾಗುತ್ತದೆ. ತೆಳು ಮೈಯ ಈ ನಾಯಿಗೆ ನಮ್ಮ ಮಳೆಗಾಲದ ಶೀತ ತಾಳಿಕೆಯಾಗುವುದು ಕಷ್ಟ. ಇದನ್ನು ಸಾಕಬಾರದೆಂದಲ್ಲ. ಬೇಲಿಯಿರುವ ಅಗಲವಾದ ಜಾಗ, ಮಳೆಯಲ್ಲಿ ಒಣಗಿದ ಬೆಚ್ಚನೆಯ ಮೂಲೆ, ದಿನವೂ ಓಡಿಸಲು ಪುರುಸೊತ್ತು ಇದ್ದವರು ಸಾಕಬಹುದು. ಆದರೆ ಬೇಟೆಗೆ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಕುರಿದೊಡ್ಡಿ ಕಾಯುವವನಿಗೆ ಬೇಕಾದ ಗುಣ ಬೇರೆ. ದೊಡ್ಡಿ ಬಿಟ್ಟು ಓಡಿಹೋಗದೆ, ಸಪ್ಪಳವಾದೊಡನೆ ಎಚ್ಚೆತ್ತು ಬೊಗಳುವ ನಾಯಿ ಅವನಿಗೆ ಸಾಕು. ಕುಟುಂಬಕ್ಕೆ ಬೇಕಾದುದೂ ಬಹುಮಟ್ಟಿಗೆ ಇಂಥದೇ. ಕಾವಲು ನಾಯಿಯ ಮುಖ್ಯ ಕೆಲಸ ಕಚ್ಚುವುದಲ್ಲ, ಎಚ್ಚರಿಸುವುದು.

ಇತರ ತಳಿಗಳು

ಅಲ್ಸೇಶಿಯನ್ ಬುದ್ಧಿವಂತ, ಕಲಿಸಿದ್ದನ್ನು ಬೇಗ ಕಲಿಯುತ್ತದೆ. ಆದರೆ ದಟ್ಟ ಕೂದಲಿನಿಂದ ಮಳೆಗಾಲದಲ್ಲಿ ಚರ್ಮದ ತೊಂದರೆ ಬರುವುದುಂಟು. ಸೊಂಟದ ಕೀಲಿನ ದೋಷವೂ ಈ ತಳಿಯಲ್ಲಿ ಇದೆ. ಲ್ಯಾಬ್ರಡಾರ್ ಮಕ್ಕಳೊಡನೆ ಚೆನ್ನಾಗಿ ಬೆರೆಯುತ್ತದೆ, ಆದರೆ ಕಳ್ಳನೊಡನೆಯೂ ಬೆರೆತೀತು. ಡಾಬರ್‌ಮನ್, ರಾಟ್‌ವೀಲರ್‌ಗಳು ಬಲಿಷ್ಠ. ನಾಯಿ ಸಾಕಿ ಅನುಭವವಿಲ್ಲದ, ಚಿಕ್ಕ ಮಕ್ಕಳಿರುವ ಮನೆಗೆ ಇವು ತಕ್ಕವಲ್ಲ. ರಾಟ್‌ವೀಲರ್ ಸೇರಿದಂತೆ 23 ತಳಿಗಳ ಮೇಲೆ ನಿರ್ಬಂಧ ಹೇರಲು ಕೇಂದ್ರವು 2024ರ ಮಾರ್ಚಿಯಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟು ಏಪ್ರಿಲಿನಲ್ಲಿ ರದ್ದುಮಾಡಿತು. ಸುತ್ತೋಲೆ ರದ್ದಾದರೂ ಸಾಕಿದವನ ಹೊಣೆ ರದ್ದಾಗುವುದಿಲ್ಲ.

ಇನ್ನು ನಮ್ಮ ನಾಡನಾಯಿ. ಇದು ನಮ್ಮ ಹವೆಗೆ ಒಗ್ಗಿದೆ, ಮನೆಯ ಊಟಕ್ಕೆ ಹೊಂದಿಕೊಳ್ಳುತ್ತದೆ, ಕಿವಿ ಚುರುಕು. ಸಾಧು ಸ್ವಭಾವದ ತಾಯಿಯ ಮರಿಯನ್ನು ತಂದು, ಪ್ರೀತಿಯಿಂದ ಬೆಳೆಸಿ, ಚುಚ್ಚುಮದ್ದು ಹಾಕಿಸಿದರೆ ಸಣ್ಣ ಬೆಳೆಗಾರನ ಕುಟುಂಬಕ್ಕೆ ಇದಕ್ಕಿಂತ ಹೊಂದುವ ನಾಯಿ ಹುಡುಕುವುದು ಕಷ್ಟ.

ಮರಿ ಆರಿಸುವಾಗ

1. ಎಂಟು ವಾರ ತುಂಬುವ ಮುನ್ನ ಮರಿಯನ್ನು ತಾಯಿಯಿಂದ ಅಗಲಿಸಬಾರದು.
2. ತಾಯಿಯನ್ನು ಕಣ್ಣಾರೆ ನೋಡಬೇಕು. ತಾಯಿ ಹೆದರುಪುಕ್ಕಲಾಗಿದ್ದರೆ ಅಥವಾ ಮೈಮೇಲೆ ಬೀಳುವಂತಿದ್ದರೆ ಆ ಮರಿ ಬೇಡ.
3. ಕರೆದರೆ ಬಳಿಗೆ ಬರುವ, ಎತ್ತಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗುವ ಮರಿ ಒಳ್ಳೆಯದು. ಅತಿ ಅಬ್ಬರದ್ದೂ ಬೇಡ, ಮೂಲೆ ಸೇರುವುದೂ ಬೇಡ.
4. ಮೂರೂವರೆ ತಿಂಗಳೊಳಗೆ ಮರಿಗೆ ಮಕ್ಕಳು, ಕೆಲಸದವರು, ದನಕರು, ಜೀಪಿನ ಸದ್ದು ಎಲ್ಲವೂ ಪರಿಚಯವಾಗಬೇಕು. ಈ ಅವಧಿಯಲ್ಲಿ ಕಂಡದ್ದಕ್ಕೆ ಅದು ಮುಂದೆ ಅಷ್ಟಾಗಿ ಹೆದರುವುದಿಲ್ಲ.
5. ಉಣ್ಣುತ್ತಿರುವ, ಮಲಗಿರುವ ನಾಯಿಯನ್ನು ಕೆಣಕಬಾರದೆಂದು ಮಕ್ಕಳಿಗೂ ಕಲಿಸಬೇಕು. ಎಷ್ಟೇ ಸಾಧುವಾದರೂ ಹಸುಗೂಸನ್ನು ನಾಯಿಯೊಡನೆ ಒಂಟಿಯಾಗಿ ಬಿಡಬಾರದು.

ತೋಟದ ಮನೆಯ ಅಪಾಯಗಳು

ಮಲೆನಾಡಿನಲ್ಲಿ ಚಿರತೆಗೆ ನಾಯಿಯೆಂದರೆ ಸುಲಭದ ತುತ್ತು. ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿದ ನಾಯಿ ಓಡಲಾರದು, ಹೋರಾಡಲೂ ಆರದು. ಕತ್ತಲಾದ ಮೇಲೆ ಬಾಗಿಲಿರುವ ಭದ್ರವಾದ ಗೂಡಿನಲ್ಲಿ ಅಥವಾ ಜಗಲಿಯ ಒಳಗೆ ಇರಿಸಬೇಕು. ಅಲ್ಲಿಂದಲೂ ಅದು ಬೊಗಳಿ ಎಚ್ಚರಿಸಬಲ್ಲದು.

ಕಾಡು ಸುತ್ತಿ ಬಂದ ನಾಯಿಯ ಮೈಯಲ್ಲಿ ಉಣುಗು ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಬೇಸಿಗೆ ಕಳೆಯುವವರೆಗೆ ನಾಯಿಯನ್ನು ಕಾಡಿಗೆ ಬಿಡದಿರುವುದು, ವೈದ್ಯರು ಹೇಳಿದ ಉಣುಗಿನ ಔಷಧಿ ಬಳಸುವುದು ಲೇಸು.

ಕಾಫಿ ಬೀಜ ನಾಯಿಗೆ ವಿಷ. ಅಡಿಕೆಯಲ್ಲಿರುವ ಅರೆಕೋಲಿನ್ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳುವಿಗೆ ಔಷಧಿಯಾಗಿ ಬಳಸುತ್ತಿದ್ದರು. ಅಳತೆ ತಪ್ಪಿದರೆ ಅದೂ ವಿಷವೇ. ಮನೆಯಲ್ಲಿ ಈ ಪ್ರಯೋಗ ಸಲ್ಲದು. ಮೈಲುತುತ್ತ, ಇಲಿಪಾಷಾಣಗಳನ್ನು ಬೀಗದಲ್ಲಿಡಿ.

ಹುಚ್ಚುನಾಯಿ ರೋಗ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಅನಂತರ ವೈದ್ಯರ ಸಲಹೆಯಂತೆ ಎರಡನೆಯದು, ಆಮೇಲೆ ಪ್ರತಿವರ್ಷ ಒಂದು ತಪ್ಪದೆ ಹಾಕಿಸಬೇಕು. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ ಮೆತ್ತುತ್ತ ಕೂರಬಾರದು. ರೋಗದ ಲಕ್ಷಣ ತೋರಿದ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ತಳಿಗೆ ಸಾವಿರಾರು ರೂಪಾಯಿ ಕೊಟ್ಟು ಚುಚ್ಚುಮದ್ದಿಗೆ ಹಿಂಜರಿಯುವುದು ಬುದ್ಧಿವಂತಿಕೆಯಲ್ಲ.

ಸದಸ್ಯರು ಮನೆಯವರೊಡನೆ ಚರ್ಚಿಸಬೇಕಾದ ಪ್ರಶ್ನೆಗಳು

1. ನಮಗೆ ನಾಯಿ ಬೇಕಾಗಿರುವುದು ಎಚ್ಚರಿಸಲೋ, ಬೆನ್ನಟ್ಟಲೋ, ನೋಟಕ್ಕೋ?
2. ದಿನವೂ ಅದಕ್ಕೆ ಸಮಯ ಕೊಡುವವರು ಯಾರು?
3. ರಾತ್ರಿ ಅದು ಮಲಗುವ ಜಾಗ ಚಿರತೆಯಿಂದ ಭದ್ರವೇ?
4. ಹತ್ತು-ಹನ್ನೆರಡು ವರ್ಷ ಅದರ ಊಟ, ಔಷಧಿಯ ಖರ್ಚು ಹೊರಬಲ್ಲೆವೇ?

ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆ ಮರಿ ನೋಡಲು ಹೊರಡಿ.